ಹಳೇ ಕಾಲದ ರೇಡಿಯೋ ಸುದ್ದಿ ನಿಜವಾಗ್ಲೂ ನಂಬೋ ಹಾಗಿತ್ತಾ?

ನೀವು ಕೇಳಿರೋದು ಇದು: ಎರಡನೇ ಮಹಾಯುದ್ಧ ಮುಗಿದ ಮೇಲೆ ಇಪ್ಪತ್ತು ವರ್ಷ, ವಿಶ್ವಸಂಸ್ಥೆಯ ಜಗಳ, ಹೊಸ ದೇಶಗಳ ಸ್ವಾತಂತ್ರ್ಯ, ನಿರಾಶ್ರಿತರ ಪಾಡು ಎಲ್ಲವನ್ನೂ ಜನ ರೇಡಿಯೋದಲ್ಲೇ ಕೇಳಿದರು, ಆಗಿನ ಸುದ್ದಿ ಈಗಿನ ಟಿವಿ ಥರ ಅಲ್ಲ, ನಂಬುವಂಥದ್ದು ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಅರಚಾಟ ಕಡಿಮೆ ಇತ್ತು, ಅದನ್ನು ಒಪ್ಪುತ್ತೇನೆ. ನನಗೆ ಶಾರ್ಟ್‌ವೇವ್, ಅಂದರೆ ದೂರದ ದೇಶಗಳ ಸ್ಟೇಷನ್ ಹಿಡಿಯುವ ರೇಡಿಯೋ ಚಟ ಹತ್ತಿದ್ದು 80ರ ದಶಕದಲ್ಲಿ, ಹಾಸ್ಟೆಲ್ ರೂಮಿನ ಕಿಟಕಿಗೆ ತಂತಿ ಕಟ್ಟಿಕೊಂಡು. ಒಂದೇ ಸುದ್ದಿಯನ್ನು ರಾತ್ರಿ ಲಂಡನ್ನಿಂದ ಒಮ್ಮೆ, ಮಾಸ್ಕೋದಿಂದ ಒಮ್ಮೆ ಕೇಳಿದರೆ ಎರಡು ಬೇರೆ ಬೇರೆ ಭೂಮಿಯಲ್ಲಿ ನಡೆದ ಹಾಗೆ ಇರುತ್ತಿತ್ತು. ಆಗಿನಿಂದ ಹಳೆಯ ಪ್ರಸಾರಗಳ ಕಥೆ ಸಿಕ್ಕಲ್ಲೆಲ್ಲ ಓದುತ್ತಾ ಬಂದಿದ್ದೇನೆ. ನನಗೆ ಅನ್ನಿಸೋದು ಇಷ್ಟು: ಆಗಿನ ರೇಡಿಯೋ ಪಕ್ಕದಲ್ಲಿ ನಿಂತು ಸುದ್ದಿ ಹೇಳುತ್ತಿರಲಿಲ್ಲ, ಸುದ್ದಿಯ ಒಳಗೇ ಇತ್ತು.

ಮೊದಲು ಒಳ್ಳೆಯ ಭಾಗ ಹೇಳಿಬಿಡ್ತೀನಿ. 1946ರ ಫೆಬ್ರವರಿ 13ಕ್ಕೆ ವಿಶ್ವಸಂಸ್ಥೆಯ ರೇಡಿಯೋ ಶುರುವಾಯಿತು. ಈಗ ವಿಶ್ವ ರೇಡಿಯೋ ದಿನ ಅಂತ ಆಚರಿಸುವುದು ಅದೇ ತಾರೀಖು. ಅವರಿಗೆ ಸ್ವಂತ ಟ್ರಾನ್ಸ್‌ಮಿಟರ್ ಕೂಡ ಇರಲಿಲ್ಲ, ಬೇರೆಯವರದ್ದನ್ನು ಕಡ ತಂದು ನಡೆಸಿದರು. ಆದರೂ ಲೇಕ್ ಸಕ್ಸೆಸ್‌ನಲ್ಲಿ, ಅಂದರೆ ನ್ಯೂಯಾರ್ಕ್ ಪಕ್ಕದ ಒಂದು ಹಳೇ ಯುದ್ಧ ಸಾಮಗ್ರಿ ಕಾರ್ಖಾನೆಯಲ್ಲಿ ಕೂತು ರಾಯಭಾರಿಗಳು ಆಡಿದ ಮಾತು ದೂರದೂರದ ಮನೆಗಳಿಗೆ ತಲುಪಿತು. ಅದಕ್ಕೂ ಮೊದಲು ಇಂಥ ಮಾತುಕತೆ ಮುಚ್ಚಿದ ಬಾಗಿಲ ಹಿಂದೆಯೇ ಜಾಸ್ತಿ. 1950ರ ಜೂನ್ 25, ಕೊರಿಯಾ ಯುದ್ಧ ಶುರುವಾದ ದಿನ, ಅಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನದ ಕರಡಿನ ಜೊತೆಗೆ ಅವರ ಹೆಸರು ಕೇಳಿರ್ತೀರಿ, ಇದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಈಗ ಇನ್ನೊಂದು ಭಾಗಕ್ಕೆ ಬರೋಣ. 1956ರ ಜುಲೈ 26ರ ರಾತ್ರಿ ಅಲೆಕ್ಸಾಂಡ್ರಿಯಾದಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಭಾಷಣ. ರೇಡಿಯೋದಲ್ಲಿ ನೇರ ಪ್ರಸಾರ. ಸೂಯೆಜ್ ಕಾಲುವೆ ಕಟ್ಟಿಸಿದ ಫ್ರೆಂಚ್ ಮನುಷ್ಯ ಡಿ ಲೆಸೆಪ್ಸ್‌ನ ಹೆಸರನ್ನು ಹತ್ತಕ್ಕೂ ಹೆಚ್ಚು ಸಲ ಎತ್ತಿದ. ಸುಮ್ನೆ ಕೇಳಿದವರಿಗೆ ಇವನ್ಯಾಕೆ ಆ ಸತ್ತವನ ಹಿಂದೆ ಬಿದ್ದಿದ್ದಾನೆ ಅನ್ನಿಸಿರಬೇಕು. ಅದು ಗುಟ್ಟಿನ ಸಂಕೇತ. ರೇಡಿಯೋ ಹಚ್ಚಿಕೊಂಡು ಕಾಯುತ್ತಿದ್ದ ತಂಡಗಳು ಆ ಹೆಸರು ಕಿವಿಗೆ ಬಿದ್ದ ಕೂಡಲೇ ಕಾಲುವೆ ಕಂಪನಿಯ ಕಚೇರಿಗಳಿಗೆ ನುಗ್ಗಿದವು. ಭಾಷಣ ಮುಗಿಯುವಷ್ಟರಲ್ಲಿ ಕಾಲುವೆ ಈಜಿಪ್ಟಿನದು. ಇದನ್ನು ಸುದ್ದಿ ಅನ್ನಬೇಕೋ, ಫೋನ್ ಕಾಲ್ ಅನ್ನಬೇಕೋ ಹೇಳಿ!

ಆದರೆ ನನ್ನನ್ನು ಜಾಸ್ತಿ ಕಾಡುವುದು ಕಾಂಗೋ. ಬೆಲ್ಜಿಯಂನಿಂದ 1960ರ ಜೂನ್ 30ಕ್ಕೆ ಸ್ವಾತಂತ್ರ್ಯ ಬಂತು. ಎರಡೂಕಾಲು ತಿಂಗಳೂ ಕಳೆದಿರಲಿಲ್ಲ, ಸೆಪ್ಟೆಂಬರ್ 5ರ ರಾತ್ರಿ ಅಧ್ಯಕ್ಷ ಕಾಸಾವುಬು ರಾಜಧಾನಿ ಲಿಯೋಪೋಲ್ಡ್‌ವಿಲ್‌ನ ರೇಡಿಯೋ ಸ್ಟೇಷನ್ನಿಗೆ ಹೋಗಿ, ಪ್ರಧಾನಿ ಲುಮುಂಬಾನನ್ನು ವಜಾ ಮಾಡಿದ್ದೇನೆ ಅಂತ ಓದಿ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಲುಮುಂಬಾ ಅದೇ ಸ್ಟೇಷನ್ನಿಗೆ, ಅದೇ ಮೈಕಿಗೆ ಬಂದ. ಕಾಸಾವುಬು ಇನ್ನು ಅಧ್ಯಕ್ಷನೇ ಅಲ್ಲ ಅಂದ. ಒಂದು ಸಲ ಹೇಳಿ ಸುಮ್ಮನಾಗಲಿಲ್ಲ, ಮತ್ತೆ ಬಂದು ಮಾತಾಡಿದ. ಒಂದೇ ರಾತ್ರಿ, ಒಂದೇ ಸ್ಟೇಷನ್, ಎರಡು ಸರ್ಕಾರ. ರೇಡಿಯೋ ಮುಂದೆ ಕೂತಿದ್ದ ಬಡಪಾಯಿ ಯಾರನ್ನು ನಂಬಬೇಕು?

ಮರುದಿನ ವಿಶ್ವಸಂಸ್ಥೆಯ ಪಡೆ ರೇಡಿಯೋ ಸ್ಟೇಷನ್ನನ್ನೇ ಮುಚ್ಚಿತು. ವಿಮಾನ ನಿಲ್ದಾಣಗಳನ್ನೂ ಮುಚ್ಚಿತು. ಗಲಭೆ ಆಗಬಾರದು, ನಾವು ಯಾರ ಪರವೂ ಅಲ್ಲ ಅಂತ ಅವರ ಲೆಕ್ಕ. ಮೇಲ್ನೋಟಕ್ಕೆ ಸರಿಯೇ, ಇಬ್ಬರಿಗೂ ಮೈಕ್ ಇಲ್ಲ ಅಂದ ಮೇಲೆ ಸಮ ಆಯ್ತಲ್ವಾ? ಆಗಲಿಲ್ಲ. ನದಿಯ ಆಚೆ ದಡದಲ್ಲೇ ಪಕ್ಕದ ದೇಶದ ರಾಜಧಾನಿ ಬ್ರಾಝಾವಿಲ್ ಇತ್ತು, ಅಲ್ಲಿನ ರೇಡಿಯೋ ಕಾಸಾವುಬು ಕಡೆಯವರಿಗೆ ತೆರೆದಿತ್ತು, ಲಿಯೋಪೋಲ್ಡ್‌ವಿಲ್ ಮನೆಗಳಲ್ಲಿ ಅದು ಚೆನ್ನಾಗೇ ಕೇಳುತ್ತಿತ್ತು. ಲುಮುಂಬಾಗೆ ಅಂಥ ಆಚೆ ದಡ ಇರಲಿಲ್ಲ. ಅವನ ಬಲ ಇದ್ದದ್ದೇ ಮಾತಿನಲ್ಲಿ. ಸೆಪ್ಟೆಂಬರ್ 11ಕ್ಕೆ ಸ್ಟೇಷನ್ ಬಾಗಿಲಿಗೆ ಹೋದ. ಕಾವಲಿಗಿದ್ದವರು ಘಾನಾದ ಸೈನಿಕರು, ಅವನ ಸ್ನೇಹಿತ, ಅಲ್ಲಿನ ಅಧ್ಯಕ್ಷ ಎನ್‌ಕ್ರುಮಾನ ದೇಶದವರು, ವಿಶ್ವಸಂಸ್ಥೆಯ ಅಡಿಯಲ್ಲಿ ಕೆಲಸಕ್ಕಿದ್ದವರು. ಒಳಗೆ ಬಿಡಲಿಲ್ಲ. ತನ್ನದೇ ದೇಶದ ರೇಡಿಯೋಗೆ ಪ್ರಧಾನಿಗೆ ಪ್ರವೇಶ ಇಲ್ಲ! ಸಿಟ್ಟಿನಿಂದ ಎನ್‌ಕ್ರುಮಾಗೆ ಪತ್ರ ಬರೆದ. 1961ರ ಜನವರಿಯಲ್ಲಿ ಲುಮುಂಬಾನನ್ನು ಕೊಂದರು. ರೇಡಿಯೋ ಸಿಕ್ಕಿದ್ದರೆ ಉಳಿಯುತ್ತಿದ್ದ ಅಂತ ನಾನು ಹೇಳಲ್ಲ, ಆದರೆ ಆ ಬೀಗವನ್ನು ನಿಷ್ಪಕ್ಷಪಾತ ಅಂತ ಕರೆಯೋಕೆ ನನಗೆ ಇವತ್ತಿಗೂ ಬಾಯಿ ಬರಲ್ಲ.

ಹಾಗಾದರೆ ಕೇಳುಗರು ದಡ್ಡರಾಗಿದ್ದರಾ? ಇಲ್ಲ. ಅಲ್ಜೀರಿಯಾ ನೋಡಿ. 1956ರ ಕೊನೆಗೆ, ಫ್ರೆಂಚ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರ ರೇಡಿಯೋ ಶುರುವಾಯಿತು, ಫ್ರೆಂಚರು ಅದೇ ಅಲೆಯ ಮೇಲೆ ಗರಗರ ಸದ್ದು ಬಿಟ್ಟರು. ಒಬ್ಬ ಮಾತ್ರ ಸೆಟ್‌ಗೆ ಕಿವಿ ಅಂಟಿಸಿ ಕೂತಿರುತ್ತಿದ್ದ, ಉಳಿದವರು ಸುತ್ತ. ಅವನಿಗೂ ಅರ್ಧ ಕೇಳಿಸದು. ಕೊನೆಗೆ ಜನ ಪ್ರಶ್ನೆ ಹಾಕುತ್ತಿದ್ದರು, ಆ ಊರಿನ ಕಾಳಗದ ಬಗ್ಗೆ ಹೇಳಿದ್ರಾ, ಇಷ್ಟು ಸೈನಿಕರು ಸತ್ತದ್ದು ಹೇಳಿದ್ರಾ ಅಂತ. ಕೇಳಿಸಿತೋ ಬಿಟ್ಟಿತೋ, ಅವನು ಹೂಂ ಅನ್ನುತ್ತಿದ್ದ. ಅವರಿಗೆಲ್ಲ ಆ ಗರಗರ ಸದ್ದೇ ಸಾಕಾಗಿತ್ತು. ತಡೆಯೋಕೆ ಇಷ್ಟು ಕಷ್ಟಪಡ್ತಿದ್ದಾರೆ ಅಂದರೆ ಅಲ್ಲೇನೋ ಇದೆ ಅಂತ.

ನಂಬಿಕೆ ಮುರಿದದ್ದೂ ಉಂಟು. ಕೈರೋದ ಅರಬರ ಧ್ವನಿ ಸ್ಟೇಷನ್ 1953ರಿಂದ ವಸಾಹತು ವಿರೋಧಿಗಳ ಕಣ್ಮಣಿ. 1967ರ ಜೂನ್‌ನಲ್ಲಿ ಇಸ್ರೇಲ್ ಜೊತೆಗಿನ ಯುದ್ಧದಲ್ಲಿ ಈಜಿಪ್ಟ್ ಸೋಲುತ್ತಿದ್ದಾಗ ಗೆಲುವಿನ ಸುದ್ದಿ ಓದಿತು. ನಿಜ ಗೊತ್ತಾದ ಮೇಲೆ ಆ ಮರ್ಯಾದೆ ಮತ್ತೆ ಬರಲಿಲ್ಲ.

ನಿರಾಶ್ರಿತರ ವಿಷಯ ಕೇಳಿದ್ದೀರಲ್ಲ, ಅದಕ್ಕೆ ಸೋವಿಯತ್ ಹಿಡಿತದ ವಿರುದ್ಧ ದಂಗೆ ಎದ್ದ ಹಂಗೇರಿ. 1956ರ ನವೆಂಬರ್ 4ರ ಬೆಳಗ್ಗೆ ಬುಡಾಪೆಸ್ಟ್ ರೇಡಿಯೋದಲ್ಲಿ ಪ್ರಧಾನಿ ಇಮ್ರೆ ನಾಗಿ, ಸೋವಿಯತ್ ಸೇನೆ ದಾಳಿ ಮಾಡಿದೆ ಅಂತ ಒಂದು ನಿಮಿಷವೂ ಹಿಡಿಯದ ಮಾತಿನಲ್ಲಿ ಹೇಳಿದ. ಆಮೇಲೆ ಲೇಖಕರ ಸಂಘ ಸಹಾಯ ಮಾಡಿ ಅಂತ ಹಲವು ಭಾಷೆಯಲ್ಲಿ ಬೇಡಿಕೊಂಡಿತು. ಎಂಟು ಗಂಟೆ ದಾಟುತ್ತಿದ್ದಂತೆ ಸ್ಟೇಷನ್ ಮೌನ. ಮ್ಯೂನಿಕ್‌ನಿಂದ ಅಮೆರಿಕದ ದುಡ್ಡಿನಲ್ಲಿ ನಡೆಯುತ್ತಿದ್ದ ರೇಡಿಯೋ ಫ್ರೀ ಯುರೋಪ್ ಅದೇ ದಿನ, ಇನ್ನೂ ಸ್ವಲ್ಪ ತಡೆದುಕೊಂಡರೆ ಪಶ್ಚಿಮದಿಂದ ನೆರವು ಬರಬಹುದು ಅನ್ನುವ ಆಸೆ ಹುಟ್ಟಿಸುವ ಮಾತು ಪ್ರಸಾರ ಮಾಡಿತು. ಯಾರೂ ಬರಲಿಲ್ಲ. ಸುಮಾರು 2 ಲಕ್ಷ ಜನ ದೇಶ ಬಿಟ್ಟರು, ಹೆಚ್ಚಿನವರು ಆಸ್ಟ್ರಿಯಾಕ್ಕೆ. ಗಡಿಯ ಅಂಡಾವು ಅನ್ನೋ ಊರಿನ ಹತ್ತಿರ ಕಾಲುವೆ ಮೇಲಿದ್ದ ಒಂದು ಪುಟ್ಟ ಮರದ ಸೇತುವೆ ದಾಟಿ ಸಾವಿರ ಸಾವಿರ ಮಂದಿ ಹೋದರು, ನವೆಂಬರ್ 21ಕ್ಕೆ ಸೋವಿಯತ್ ಸೈನಿಕರು ಅದನ್ನೂ ಸ್ಫೋಟಿಸಿದರು.

ಆಚೆ ತಲುಪಿದವರು ಊರಿಗೆ ಪತ್ರ ಬರೆದರೆ ಮನೆಯವರಿಗೆ ಅಪಾಯ. ಅದಕ್ಕೆ ಹೊರಡುವ ಮುಂಚೆಯೇ ಒಂದು ಗುಟ್ಟಿನ ಹೆಸರು ಇಟ್ಟುಕೊಳ್ಳುತ್ತಿದ್ದರು. ಶಿಬಿರ ಸೇರಿದ ಮೇಲೆ ಆ ಹೆಸರು ರೇಡಿಯೋದಲ್ಲಿ ಬರುತ್ತಿತ್ತು. ಇಂಥವರು ಕ್ಷೇಮವಾಗಿ ತಲುಪಿದ್ದಾರೆ, ಅಷ್ಟೇ. ಓದುತ್ತಿದ್ದದ್ದು, ನೆರವು ಬರಬಹುದು ಅಂತ ಆಸೆ ಹುಟ್ಟಿಸಿದ್ದ ಅದೇ ರೇಡಿಯೋ ಫ್ರೀ ಯುರೋಪ್. ಆದರೂ ಆ ಅಮ್ಮಂದಿರು ಸದ್ದು ಸಣ್ಣಗೆ ಮಾಡಿ, ಕಿಟಕಿ ಮುಚ್ಚಿ, ರಾತ್ರಿಯೆಲ್ಲ ಅದನ್ನೇ ಹಚ್ಚಿಕೊಂಡು ಕೂತರು.