ಸ್ತನಗಳ ಗಾತ್ರದಲ್ಲಿ ವ್ಯತ್ಯಾಸವಿದ್ದರೆ

ಪ್ರಶ್ನೆ: ನನಗೆ 19 ವರ್ಷ. ಎಡ ಸ್ತನ ಬಲಕ್ಕಿಂತ ಚಿಕ್ಕದಾಗಿದ್ದು, ರವಿಕೆ ಹೊಲಿಸುವಾಗಲೆಲ್ಲ ಮುಜುಗರವಾಗುತ್ತದೆ. ಮದುವೆಗೆ ಮುನ್ನ ಸರಿಪಡಿಸಬಹುದೇ?

ಉತ್ತರ: ಎರಡೂ ಸ್ತನಗಳು ಒಂದೇ ಗಾತ್ರದಲ್ಲಿರುವುದೇ ಅಪರೂಪ, ಹರೆಯದಲ್ಲಿ ಅವು ಸಮನಾಗಿ ಬೆಳೆಯದಿರುವುದು ಸಾಮಾನ್ಯವಾಗಿ ಕಾಯಿಲೆಯಲ್ಲ. ಮುಲಾಮು, ಮಾಲೀಸುಗಳಿಂದ ಗಾತ್ರ ಬದಲಾಗದು. ದಯವಿಟ್ಟು ಅವುಗಳಿಗೆ ಹಣ ಸುರಿಯಬೇಡಿ. ಸದ್ಯಕ್ಕೆ ದೊಡ್ಡ ಬದಿಯ ಅಳತೆಗೆ ಬ್ರಾ ಕೊಂಡು, ಚಿಕ್ಕ ಬದಿಯ ಕಪ್‌ನೊಳಗೆ ಪ್ಯಾಡ್ ಇಟ್ಟುಕೊಂಡರೆ ರವಿಕೆ ಸರಿಯಾಗಿ ಕೂರುತ್ತದೆ. ಶಸ್ತ್ರಚಿಕಿತ್ಸೆಯೇ ಬೇಕೆನಿಸಿದರೆ, ಬೆಳವಣಿಗೆ ನಿಂತಿದೆಯೆಂದು ಖಚಿತವಾದ ಮೇಲೆ ಪ್ಲಾಸ್ಟಿಕ್ ಸರ್ಜನ್ ಚಿಕ್ಕ ಬದಿಗೆ ಸಿಲಿಕೋನ್ ಇಂಪ್ಲಾಂಟ್ ಇಡಬಹುದು ಅಥವಾ ನಿಮ್ಮದೇ ದೇಹದ ಕೊಬ್ಬನ್ನು ತುಂಬಬಹುದು, ಇಲ್ಲವೇ ದೊಡ್ಡದನ್ನು ಕಿರಿದಾಗಿಸಬಹುದು. ಆದರೆ ಇಂಪ್ಲಾಂಟ್ ಜೀವನಪರ್ಯಂತ ಬಾಳುವಂಥದ್ದಲ್ಲ, ಕಿರಿದಾಗಿಸಿದರೆ ಮುಂದೆ ಎದೆಹಾಲು ಕುಡಿಸಲು ತೊಡಕಾಗಬಹುದು. ಮದುವೆಯ ದಿನಾಂಕಕ್ಕಾಗಿ ಆತುರಪಡಬೇಡಿ. ವ್ಯತ್ಯಾಸ ಇತ್ತೀಚೆಗೆ ಹಠಾತ್ತನೆ ಕಾಣಿಸಿಕೊಂಡಿದ್ದರೆ, ಗಂಟು ಕೈಗೆ ಸಿಕ್ಕಿದರೆ ಅಥವಾ ತೊಟ್ಟಿನಿಂದ ರಕ್ತ ಒಸರಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.