ಒಂದೇ ಪೆಟ್ಟಿಗೆಯಲ್ಲಿ ಕುಂಚಿಗೆ, ಕೌದಿ ಮತ್ತು ಖಣ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿದ್ದುಕೊಂಡು ನಾನು ಗುಳೇದಗುಡ್ಡದ ಖಣದಿಂದ ಕೈಚೀಲ, ಪರ್ಸು ಮತ್ತು ಕೂಸುಗಳ ಕುಂಚಿಗೆಗಳನ್ನು ಹೊಲಿದು ಇನ್‌ಸ್ಟಾಗ್ರಾಂ ಹಾಗೂ ವಾಟ್ಸ್‌ಆ್ಯಪ್ ಮೂಲಕ ಮಾರುತ್ತೇನೆ. ಹೀಗೆಯೇ ಮಾರುವ ಮೂವರು ಗೆಳತಿಯರಿದ್ದಾರೆ. ಮುಧೋಳದವರೊಬ್ಬರು ಕೌದಿ ಹೊಲಿಯುತ್ತಾರೆ, ಇಳಕಲ್ಲಿನವರೊಬ್ಬರು ಸೀರೆಗಳ ಮೇಲೆ ಕಸೂತಿ ಹಾಕುತ್ತಾರೆ, ಅಥಣಿಯವರ ಮನೆಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. ಒಬ್ಬರ ಪೋಸ್ಟನ್ನು ಇನ್ನೊಬ್ಬರು ಹಂಚುವುದು, ಲೈಕ್ ಒತ್ತುವುದು ಒಂದು ವರ್ಷದಿಂದ ನಡೆದಿದೆ. ಮಾರಾಟ ಮಾತ್ರ ಹೆಚ್ಚಿಲ್ಲ. ಜಾಹೀರಾತಿಗೆ ಹಣ ಹಾಕುವ ಶಕ್ತಿ ನಮಗಿಲ್ಲ. ನಾಲ್ವರೂ ಸೇರಿ ಬೇರೆ ಏನು ಮಾಡಬಹುದು?

ಉತ್ತರ: ನೀವು ನಾಲ್ವರೂ ಪರಸ್ಪರರ ಪೋಸ್ಟುಗಳನ್ನು ಹಂಚಿಕೊಂಡಾಗ ಅವುಗಳನ್ನು ನೋಡುವವರಲ್ಲಿ ಹೆಚ್ಚಿನವರು ನಿಮ್ಮದೇ ಬಂಧುಬಳಗದವರು, ಇಲ್ಲವೇ ನಿಮ್ಮಂತೆಯೇ ಏನನ್ನಾದರೂ ಮಾಡಿ ಮಾರುವವರು. ಅವರು ಮೆಚ್ಚುತ್ತಾರೆ, ಕೊಳ್ಳುವುದಿಲ್ಲ. ಆದ್ದರಿಂದ ಪೋಸ್ಟುಗಳ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಿಮ್ಮ ಕುಂಚಿಗೆಯನ್ನು ಕೊಳ್ಳುವವರು ಅದನ್ನು ಯಾವ ಹೊತ್ತಿನಲ್ಲಿ ಕೊಳ್ಳುತ್ತಾರೆ, ಅದೇ ವಾರದಲ್ಲಿ ಅವರು ಇನ್ನೇನನ್ನು ಹುಡುಕುತ್ತಿರುತ್ತಾರೆ ಎಂದು ಯೋಚಿಸಿ ನೋಡಿ.

ನಮ್ಮ ಕಡೆ ಇದಕ್ಕೆ ಉತ್ತರ ಸಿದ್ಧವಾಗಿಯೇ ಇದೆ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಹಸಿರು ಸೀರೆ, ಹಸಿರು ಬಳೆ, ಖಣ ತಂದು ಉಡಿ ತುಂಬುತ್ತಾರೆ; ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಬಂದಾಗ ಅದೇ ತವರಿನವರು ಕುಂಚಿಗೆಯನ್ನೂ ಕೂಸಿನ ಕೌದಿಯನ್ನೂ ಹೊಂದಿಸಬೇಕಾಗುತ್ತದೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಅಣ್ಣನಿಗೆ ಇವುಗಳನ್ನು ಅಂಗಡಿ ಅಂಗಡಿ ಅಲೆದು ಕೂಡಿಸಲು ಬಿಡುವಿರುವುದಿಲ್ಲ. ಅವನಿಗೆ ಬೇಕಾದುದು ಮೊಬೈಲಿನಲ್ಲಿ ನೋಡಿ, ಒಂದೇ ಸಲ ಹಣ ಕೊಟ್ಟು, ನಿಗದಿತ ದಿನದೊಳಗೆ ತರಿಸಿಕೊಳ್ಳಬಹುದಾದ ಒಂದು ಪೆಟ್ಟಿಗೆ. ನಿಮ್ಮ ಕುಂಚಿಗೆ, ಮುಧೋಳದವರ ಸಣ್ಣ ಕೌದಿ, ಕಸೂತಿ ಹಾಕಿದ ಒಂದು ಖಣ, ಈ ಮೂರನ್ನು ಜೋಡಿಸಿ ‘ಕುಬಸದ ಪೆಟ್ಟಿಗೆ’, ‘ತೊಟ್ಟಿಲ ಪೆಟ್ಟಿಗೆ’ ಎಂದು ಎರಡು ಬಗೆ ಮಾಡಿದರೆ ಮೂವರೂ ಒಬ್ಬನೇ ಗಿರಾಕಿಗೆ ಒಟ್ಟಾಗಿ ಒದಗಿದಂತಾಗುತ್ತದೆ. ಒಟ್ಟಾಗಿ ಪ್ರಚಾರ ಮಾಡುವುದಕ್ಕೆ ನಾನು ಕಾಣುವ ಗಟ್ಟಿಯಾದ ತಳಪಾಯ ಇದೇ. ಪೋಸ್ಟುಗಳನ್ನು ಇದರ ಮೇಲೆ ಆಮೇಲೆ ಕಟ್ಟಬಹುದು.

ಅಥಣಿಯವರು ಬೇಸರಿಸಬಾರದು. ಚಪ್ಪಲಿಯನ್ನು ಉಡಿಯ ಸಾಮಾನಿನ ಜೊತೆಗಿಟ್ಟರೆ ನಮ್ಮ ಹಿರಿಯರು ಪೆಟ್ಟಿಗೆಯನ್ನೇ ಮರಳಿ ಕಳುಹಿಸಿಯಾರು. ಅವರ ಜೋಡಿ ಇರುವುದು ನಿಮ್ಮ ಖಣದ ಕೈಚೀಲದೊಂದಿಗೆ. ಕಾಲೇಜಿನ ಸೀರೆ ದಿನಕ್ಕೋ ಗೆಳತಿಯ ಮದುವೆಗೋ ಇಳಕಲ್ ಸೀರೆ ಉಡುವ ಹುಡುಗಿಯೊಬ್ಬಳ ಒಂದೇ ಫೋಟೊದಲ್ಲಿ ಸೀರೆ, ಚೀಲ, ಚಪ್ಪಲಿ ಮೂರೂ ಕಾಣುವಂತೆ ತೆಗೆದು, ಇನ್‌ಸ್ಟಾಗ್ರಾಂನ ‘ಕೊಲ್ಯಾಬ್’ ಸೌಲಭ್ಯದಿಂದ ಅದನ್ನು ಮೂವರ ಪುಟಗಳಲ್ಲಿಯೂ ಒಂದೇ ಪೋಸ್ಟಾಗಿ ಹಾಕಿದರೆ, ಬಂದ ಮೆಚ್ಚುಗೆಯೂ ಟಿಪ್ಪಣಿಗಳೂ ಹರಿದು ಹಂಚಿಹೋಗದೆ ಒಂದೆಡೆ ಕೂಡುತ್ತವೆ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಧಾರವಾಡ ಜಿಲ್ಲೆಗಳಿಗೂ ಸಲ್ಲುತ್ತದೆ ಎಂಬುದು ಕೊಳ್ಳುವ ಬಹಳ ಜನರಿಗೆ ತಿಳಿದಿಲ್ಲ. ಹೆಸರು ಕೊಲ್ಹಾಪುರದ್ದಾದರೂ ಕೈ ಅಥಣಿಯದೆಂದು ಆ ಫೋಟೊದ ಕೆಳಗೆ ಬರೆಯಿರಿ.

ಇನ್ನು ಪೆಟ್ಟಿಗೆಯ ಲೆಕ್ಕ. ಒಟ್ಟಿಗೆ ಮಾರುವುದೆಂದರೆ ಬೆಲೆ ಇಳಿಸುವುದು ಎಂದು ಹಲವರು ತಿಳಿದಿದ್ದಾರೆ. ಕೈಕೆಲಸದವರಿಗೆ ಅದು ತಕ್ಕ ದಾರಿಯಲ್ಲ, ಏಕೆಂದರೆ ನೀವು ಬಿಡುವ ಹತ್ತು ಪ್ರತಿಶತವು ನೇರವಾಗಿ ನಿಮ್ಮ ಕೂಲಿಯಿಂದಲೇ ಹೋಗುತ್ತದೆ. ಗಿರಾಕಿಗೆ ಕೊಡಬಹುದಾದ ರಿಯಾಯಿತಿ ಅಂಚೆಯ ಖರ್ಚಿನಲ್ಲಿಯೇ ಇದೆ. ಮೂರು ಕಡೆಯಿಂದ ಮೂರು ಪಾರ್ಸೆಲ್ ಹೋದರೆ ತಲಾ 80 ರೂಪಾಯಿಯಂತೆ 240 ರೂಪಾಯಿ ತಗಲುತ್ತದೆ, ಮೂರನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಿದರೆ 130 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. ಉಳಿದ 110 ರೂಪಾಯಿಯಲ್ಲಿ ಅರ್ಧವನ್ನು ಗಿರಾಕಿಗೆ ಬಿಟ್ಟು, ಉಳಿದರ್ಧದಲ್ಲಿ ಪೆಟ್ಟಿಗೆಯನ್ನೂ ಒಳಗಿಡುವ ಚೀಟಿಯನ್ನೂ ಹೊಂದಿಸಬಹುದು. ಮುಧೋಳ ಮತ್ತು ಇಳಕಲ್ಲಿನಿಂದ ನವನಗರಕ್ಕೆ ವಾರಕ್ಕೊಮ್ಮೆ ಯಾರಾದರೂ ಬಸ್ಸಿನಲ್ಲಿ ಬರುವವರಿದ್ದರೆ ಸಾಮಾನು ಕೂಡಿಸುವ ಖರ್ಚೂ ಹಗುರಾಗುತ್ತದೆ.

ಹಣ ಯಾರ ಕೈಗೆ ಬರಬೇಕು ಎಂಬುದನ್ನು ಮೊದಲ ಪೆಟ್ಟಿಗೆ ಹೋಗುವ ಮುನ್ನವೇ ಬರೆದಿಟ್ಟುಕೊಳ್ಳಿ. ಗೆಳೆತನವಿದೆ, ಆಮೇಲೆ ನೋಡಿದರಾಯಿತು ಎಂದುಕೊಂಡವರು ಮೂರನೆಯ ತಿಂಗಳಲ್ಲಿ ಮಾತು ಬಿಟ್ಟಿರುವುದನ್ನು ಕಂಡಿದ್ದೇನೆ. ನನಗೆ ಸರಳವೆಂದು ತೋರುವ ಪದ್ಧತಿ ಹೀಗಿದೆ: ಪೆಟ್ಟಿಗೆ ಕಟ್ಟುವ ಜವಾಬ್ದಾರಿ ಹೊತ್ತವರು ಉಳಿದಿಬ್ಬರಿಂದ ಮೊದಲೇ ಒಪ್ಪಿದ ಸಗಟು ಬೆಲೆಗೆ ಸಾಮಾನನ್ನು ಕೊಳ್ಳಲಿ, ಗಿರಾಕಿಗೆ ಒಂದೇ ಬಿಲ್ಲನ್ನು ಕೊಡಲಿ, ಬದಲಿಸಿಕೊಡುವ ಅಥವಾ ಹಣ ಮರಳಿಸುವ ಹೊಣೆಯನ್ನೂ ತಾವೇ ಹೊರಲಿ. ಹೀಗೆ ಮಾಡಿದರೆ ಗಿರಾಕಿಯು ದೂರನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಮೂವರಿಗೂ ಸಂದೇಶ ಕಳುಹಿಸುವ ಪ್ರಸಂಗ ಬರುವುದಿಲ್ಲ. ಒಮ್ಮೆ ನಾನೇ ಇಂಥದೊಂದು ಜಂಟಿ ಉಡುಗೊರೆಯನ್ನು ತರಿಸಿದಾಗ ಅದು ಎರಡು ಪಾರ್ಸೆಲ್ಲುಗಳಾಗಿ ಬಂದು, ಎರಡನೆಯದು ಕಾರ್ಯ ಮುಗಿದು ನಾಲ್ಕು ದಿನವಾದ ಮೇಲೆ ಮುಟ್ಟಿತು. ಇಬ್ಬರು ಮಾರಾಟಗಾರರೂ ಬಹಳ ಸೌಜನ್ಯದಿಂದ ಒಬ್ಬರನ್ನೊಬ್ಬರು ತೋರಿಸಿದರು.

ಇದರ ಮೇಲೆ ಕಟ್ಟಬಹುದಾದ ಪ್ರಚಾರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಒಂದಿದೆ, ಅದಕ್ಕೆ ಹಣವೂ ಬೇಕಿಲ್ಲ. ನೀವು ಚೀಲ ಕತ್ತರಿಸಿದಾಗ ಉಳಿಯುವ ಖಣದ ತುಂಡುಗಳು ಏನಾಗುತ್ತವೆ? ಕೌದಿ ಎಂಬುದೇ ತುಂಡುಬಟ್ಟೆಗಳನ್ನು ಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿ ಮಾಡುವಂಥದ್ದು. ನಿಮ್ಮ ತುಂಡುಗಳು ಮುಧೋಳಕ್ಕೆ ಹೋಗಲಿ. ಅಲ್ಲಿಯೂ ಉಳಿಯುವ ಅಂಗೈಯಗಲದ ಚೂರುಗಳು ಇಳಕಲ್ಲಿಗೆ ಹೋಗಿ ಕಸೂತಿ ಹಾಕಿದ ಸಣ್ಣ ಕೀಲಿಗೊಂಚಲೋ ಕಿವಿಯೋಲೆಯೋ ಆಗಲಿ. ಈ ಒಂದು ಬಟ್ಟೆಯ ಪ್ರಯಾಣವನ್ನು ಧಾರಾವಾಹಿಯಂತೆ ತೋರಿಸಿ. ಮೊದಲ ಕಂತು ಗುಳೇದಗುಡ್ಡದ ಮಗ್ಗದ ಸದ್ದಿನೊಂದಿಗೆ ನಿಮ್ಮ ಪುಟದಲ್ಲಿ ಬಂದು ತುಂಡುಗಳನ್ನು ಗಂಟು ಕಟ್ಟುವಲ್ಲಿಗೆ ನಿಲ್ಲಲಿ, ಎರಡನೆಯ ಕಂತು ಮುಧೋಳದವರ ಪುಟದಲ್ಲಿ ಆ ಗಂಟು ಬಿಚ್ಚುವಲ್ಲಿಂದ ಆರಂಭವಾಗಲಿ. ಮುಂದಿನದನ್ನು ನೋಡಬೇಕೆನ್ನುವವರು ಮುಂದಿನ ಅಂಗಡಿಗೆ ಹೋಗಲೇಬೇಕಾಗುತ್ತದೆ. ‘ನನ್ನ ಗೆಳತಿಯ ಪುಟವನ್ನೂ ಫಾಲೋ ಮಾಡಿ’ ಎಂದು ಹತ್ತು ಸಲ ಬರೆದರೂ ಆಗದ ಕೆಲಸ ಇದರಿಂದ ಆಗುತ್ತದೆ.

ಇಳಕಲ್ಲಿನವರ ಕಂತಿನಲ್ಲಿ ಒಂದು ಸಂಗತಿಯನ್ನು ತಪ್ಪದೆ ತೋರಿಸಿ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿಯನ್ನು ಚೆನ್ನಾಗಿ ಹಾಕಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಬಗೆಯಾಗಿ ಕಾಣುತ್ತವೆ, ಗಂಟು ಎಲ್ಲಿಯೂ ಕಾಣುವುದಿಲ್ಲ. ಯಂತ್ರದ ಕಸೂತಿಯನ್ನು ಅರ್ಧ ಬೆಲೆಗೆ ಮಾರುವವರ ಎದುರು ನಿಮ್ಮ ಗೆಳತಿಗಿರುವ ಬಲವಾದ ಸಾಕ್ಷಿ ಅದೇ. ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನು ತೋರಿಸುವ ಹತ್ತು ಸೆಕೆಂಡಿನ ವಿಡಿಯೊ ಸಾಕು, ಸಂಗೀತವೂ ಬೇಕಿಲ್ಲ.

ಪಾರ್ಸೆಲ್ ಬಿಚ್ಚುವ ಗಳಿಗೆಯನ್ನು ಹಗುರವಾಗಿ ಕಾಣಬೇಡಿ. ಹಣ ಕೊಟ್ಟು ಕೊಂಡ ಗಿರಾಕಿಯ ಪೂರ್ತಿ ಗಮನ ನಿಮಗೆ ಸಿಗುವುದು ಆಗಲೇ. ಪ್ರತಿಯೊಬ್ಬರೂ ತಮ್ಮ ಪಾರ್ಸೆಲ್ಲಿನಲ್ಲಿ ಇನ್ನೊಬ್ಬರ ಪರವಾಗಿ ಒಂದು ಚೀಟಿಯನ್ನಿಡಲಿ. ನಾಲ್ಕು ಅಂಗಡಿಗಳ ಹೆಸರನ್ನು ಸಾಲಾಗಿ ಮುದ್ರಿಸಿದ ಬಣ್ಣದ ಕಾಗದವನ್ನು ಯಾರೂ ಓದುವುದಿಲ್ಲ. ‘ಈ ಕುಂಚಿಗೆಯನ್ನು ಕತ್ತರಿಸಿ ಉಳಿದ ಖಣದಿಂದಲೇ ಮುಧೋಳದಲ್ಲಿ ಕೌದಿಯೊಂದು ತಯಾರಾಗುತ್ತಿದೆ’ ಎಂದು ಕೈಬರಹದಲ್ಲಿ ಬರೆದು ಕ್ಯೂಆರ್ ಕೋಡ್ ಹಚ್ಚಿದರೆ ಓದುತ್ತಾರೆ. ಚೀಟಿಯ ಮೇಲೆ ಕಳುಹಿಸಿದವರ ಗುರುತಾಗಿ ಒಂದು ಪದವಿರಲಿ. ಕೊಳ್ಳುವಾಗ ಆ ಪದವನ್ನು ಹೇಳಿದವರಿಗೆ ಸಣ್ಣದೊಂದು ಕೊಡುಗೆ ಕೊಡಿ. ಯಾರ ಚೀಟಿಯಿಂದ ಯಾರಿಗೆ ಗಿರಾಕಿ ಬಂದರೆಂಬುದು ತಿಂಗಳ ಕೊನೆಯಲ್ಲಿ ತಾನಾಗಿ ತಿಳಿಯುತ್ತದೆ.

ವಾಟ್ಸ್‌ಆ್ಯಪ್ ವಿಷಯದಲ್ಲಿ ಎಚ್ಚರಿಕೆ ಬೇಕು. ನಾಲ್ವರ ಗಿರಾಕಿಗಳ ಮೊಬೈಲ್ ಸಂಖ್ಯೆಗಳನ್ನು ಕೂಡಿಸಿ ಒಂದು ಗುಂಪು ಮಾಡುವ ಯೋಚನೆ ಬಂದಿದ್ದರೆ ಅದನ್ನು ಬಿಟ್ಟುಬಿಡಿ. ನಿಮಗೆ ಸಂಖ್ಯೆ ಕೊಟ್ಟವರು ಅಥಣಿಗೆ ಕೊಟ್ಟಿಲ್ಲ. ಒಪ್ಪಿಗೆಯಿಲ್ಲದೆ ವೈಯಕ್ತಿಕ ಮಾಹಿತಿಯನ್ನು ಹಂಚುವುದು ಸಲ್ಲದೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಹೌದು. ಅದರ ಬದಲು ನಿಮ್ಮ ಗಿರಾಕಿಗಳಿಗೆ ನೀವೇ, ಅವರ ಗಿರಾಕಿಗಳಿಗೆ ಅವರೇ, ತಿಂಗಳಿಗೊಮ್ಮೆ ಮಾತ್ರ, ಸರದಿಯಂತೆ ಇನ್ನೊಬ್ಬರ ಒಂದು ವಸ್ತುವಿನ ಬಗ್ಗೆ ಬರೆಯಿರಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಅವಕಾಶವಿದೆಯಾದರೂ, ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ ಎಂಬುದನ್ನು ಮರೆಯಬೇಡಿ. ಪಾರ್ಸೆಲ್ಲಿನ ಚೀಟಿಯಲ್ಲಿಯೇ ‘ಈ ಸಂಖ್ಯೆಯನ್ನು ಉಳಿಸಿಕೊಳ್ಳಿ’ ಎಂದು ಬರೆಯಲು ಅದೇ ಕಾರಣ.

ಕೊನೆಯದಾಗಿ ಪಂಚಾಂಗ. ಶ್ರಾವಣದ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ನಾಡು ನಮ್ಮದು. ಅವರು ಮರಳಿ ಹೋಗುವಾಗ ಉಡಿಯಲ್ಲಿ ಖಣ ಇದ್ದೇ ಇರುತ್ತದೆ. ಪಂಚಮಿಯ ವಾರದಲ್ಲಿ ಪ್ರಚಾರ ಆರಂಭಿಸಿದರೆ ಕಾಲ ಮೀರಿರುತ್ತದೆ. ಕೌದಿಯೊಂದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಮುಧೋಳದವರನ್ನು ಕೇಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಮುಂಗಡ ಪಡೆಯುವ ದಿನವನ್ನು ಗೊತ್ತುಮಾಡಿ. ಬಾದಾಮಿಯ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ಆರಂಭವಾಗಿ, ನಾಟಕ ಕಂಪನಿಗಳ ದೆಸೆಯಿಂದ ವಾರಗಟ್ಟಲೆ ನಡೆಯುತ್ತದೆ. ಒಬ್ಬರಿಗೇ ಅಲ್ಲಿ ಮಳಿಗೆ ಹಾಕುವುದು ಕಷ್ಟ. ನಾಲ್ವರು ಬಾಡಿಗೆಯನ್ನು ಹಂಚಿಕೊಂಡು ಸರದಿಯಲ್ಲಿ ಕುಳಿತರೆ ಸಾಧ್ಯ. ಅಲ್ಲಿ ಮಾರಾಟವಾದುದಕ್ಕಿಂತ, ಬಟ್ಟೆಯನ್ನು ಮುಟ್ಟಿ ನೋಡಿ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ತೆರೆದು ಹೋದವರು ಮುಂದಿನ ಪಂಚಮಿಗೆ ಹೆಚ್ಚು ಒದಗುತ್ತಾರೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಲಂಬಾಣಿ ಕಸೂತಿಯ ದಿಂಬಿನ ಹೊದಿಕೆಗಳನ್ನು ಮಾಡಿ ಮಾರುತ್ತೇನೆ. ನಮ್ಮ ಊರಿನಲ್ಲಿಯೇ ಇನ್ನೊಬ್ಬರು ಇದೇ ವಸ್ತುವನ್ನು ಮಾರುತ್ತಾರೆ. ಸ್ಪರ್ಧಿಯ ಜೊತೆ ಸೇರಿ ಪ್ರಚಾರ ಮಾಡುವುದು ಮೂರ್ಖತನವಲ್ಲವೇ?

ಉತ್ತರ: ಬಿಡಿ ಮಾರಾಟದಲ್ಲಿ ಅವರು ಸ್ಪರ್ಧಿಯೇ, ಅಲ್ಲವೆಂದು ನಟಿಸಬೇಕಾಗಿಲ್ಲ. ಆದರೆ ಮದುವೆಯಲ್ಲಿ ಕೊಡಲು 200 ಹೊದಿಕೆಗಳು ತಿಂಗಳೊಳಗೆ ಬೇಕೆಂದು ಯಾರಾದರೂ ಕೇಳಿದಾಗ ನೀವಿಬ್ಬರೂ ಬೇರೆಬೇರೆಯಾಗಿ ಇಲ್ಲವೆನ್ನುತ್ತೀರಿ, ಆ ಗಿರಾಕಿ ಯಂತ್ರದ ಮಾಲಿಗೆ ಹೋಗುತ್ತಾನೆ. ದೊಡ್ಡ ಬೇಡಿಕೆಗಳಿಗೆ ಮಾತ್ರ ಒಂದು ಜಂಟಿ ಪುಟವನ್ನು ತೆರೆದು, ಇಬ್ಬರೂ ಒಪ್ಪಿದ ಒಂದೇ ಮಾದರಿ, ಒಂದೇ ದಾರ, ಒಂದೇ ಬೆಲೆಯನ್ನು ಅದರಲ್ಲಿ ತೋರಿಸಿ. ಮಾದರಿಯ ತುಂಡನ್ನು ಎರಡಾಗಿ ಕತ್ತರಿಸಿ ಇಬ್ಬರೂ ಇಟ್ಟುಕೊಂಡರೆ ಮುಂದೆ ಬಣ್ಣದ ಬಗ್ಗೆ ವಾದ ಬರುವುದಿಲ್ಲ.

ಪ್ರಶ್ನೆ: ಬೆಳಗಾವಿಯ ನಮ್ಮ ಕರಕುಶಲ ಗುಂಪಿನಲ್ಲಿ ಎಲ್ಲರೂ ಎಲ್ಲರ ಅಂಗಡಿಗೂ ಐದು ನಕ್ಷತ್ರ ಕೊಟ್ಟು, ಕೊಂಡವರಂತೆ ಒಳ್ಳೆಯ ಮಾತು ಬರೆಯಬೇಕೆಂದು ನಿರ್ಧರಿಸಿದ್ದಾರೆ. ಇದು ಸರಿಯೇ? ಜಂಟಿಯಾಗಿ ಮಾರಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆಯೇ?

ಉತ್ತರ: ಕೊಳ್ಳದೆ ಕೊಂಡವರಂತೆ ಬರೆಯುವುದು ಸುಳ್ಳು ವಿಮರ್ಶೆ, ಅದಕ್ಕೆ ಬೇರೆ ಹೆಸರಿಲ್ಲ. ಇಂಥ ವಿಮರ್ಶೆಗಳನ್ನು ತಡೆಯಲೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ರೂಪಿಸಿತು. ಪ್ರಚಾರ ಮಾಡುವವರಿಗೂ ಮಾರುವವರಿಗೂ ಸಂಬಂಧವಿದ್ದರೆ ಅದನ್ನು ತಿಳಿಸಬೇಕೆಂದು ಅದೇ ವರ್ಷದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯೂ ಹೇಳುತ್ತದೆ. ‘ಇವರು ನನ್ನ ಗೆಳತಿ, ಇವರ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ’ ಎಂದು ನಿಮ್ಮದೇ ಪುಟದಲ್ಲಿ ಬರೆಯಲು ಯಾರ ಅಡ್ಡಿಯೂ ಇಲ್ಲ, ಮತ್ತು ಜನ ಅದನ್ನೇ ಹೆಚ್ಚು ನಂಬುತ್ತಾರೆ.

ಜಿಎಸ್‌ಟಿಯ ಬಗ್ಗೆ: ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ಸಾಮಾನ್ಯವಾಗಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಿಲ್ಲ. ದೊಡ್ಡ ಇ-ವಾಣಿಜ್ಯ ತಾಣಗಳ ಮೂಲಕ ಮಾರುವವರಿಗೆ ಮೊದಲು ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಪ್ಯಾನ್ ಆಧಾರದ ಮೇಲೆ ದಾಖಲಾತಿ ಸಂಖ್ಯೆಯೊಂದನ್ನು ಪಡೆದು ಅಲ್ಲಿಯೂ ಮಾರಬಹುದಾಗಿದೆ. ಬೆಳಗಾವಿಯವರಿಗೆ ತೊಡಕಾಗುವುದು ಇಲ್ಲಿಯೇ, ಏಕೆಂದರೆ ನಿಮ್ಮ ಗಿರಾಕಿಗಳಲ್ಲಿ ಅನೇಕರು ಗಡಿಯಾಚೆ ಕೊಲ್ಹಾಪುರ, ಸಾಂಗಲಿಗಳಲ್ಲಿರುತ್ತಾರೆ, ಅಂತರರಾಜ್ಯ ಮಾರಾಟದ ನಿಯಮಗಳು ಬೇರೆ. ಗುಂಪಿನ ಎಲ್ಲರ ಮಾರಾಟವೂ ಒಬ್ಬರ ಖಾತೆಗೆ ಬಂದರೆ ಅಷ್ಟೂ ಅವರೊಬ್ಬರ ವಹಿವಾಟಾಗಿ ಕಾಣುತ್ತದೆ. ಆದ್ದರಿಂದ ಜಂಟಿ ಖಾತೆಯನ್ನು ತೆರೆಯುವ ಮುನ್ನವೇ ನಿಮ್ಮ ಊರಿನ ಲೆಕ್ಕಪರಿಶೋಧಕರೊಬ್ಬರನ್ನು ಎಲ್ಲರೂ ಸೇರಿ ಕಂಡು, ಅವರ ಶುಲ್ಕವನ್ನೂ ಸಮನಾಗಿ ಹಂಚಿಕೊಳ್ಳಿ.