ಇಂಗ್ಲೆಂಡಿನ ಫೌಂಟನ್ಸ್ ಮಠ ಪಾಳುಬಿದ್ದದ್ದು ಹೇಗೆ?

ಕಾಲ ಕೆಡವಿದ್ದಕ್ಕಿಂತ ಮನುಷ್ಯರು ಕಿತ್ತದ್ದೇ ಹೆಚ್ಚು. ಯಾರ್ಕ್ ನಗರದ ಮಠದಲ್ಲಿ ನಿಯಮ ಸಡಿಲವಾಯಿತೆಂದು ಜಗಳವಾಡಿ ಹೊರಬಂದ 13 ಸನ್ಯಾಸಿಗಳು 1132ರಲ್ಲಿ ಸ್ಕೆಲ್ ಹೊಳೆಯ ಕಣಿವೆಯಲ್ಲಿ ನೆಲೆಸಿದರು. ಮೊದಲ ಚಳಿಗಾಲವನ್ನು ಮರದಡಿ ಕಳೆದರಂತೆ. ಅಲ್ಲಿನ ಒರತೆಗಳಿಂದಲೇ ‘ಫೌಂಟನ್ಸ್’ ಎಂಬ ಹೆಸರು.

ಬಡತನದ ವ್ರತ ತೊಟ್ಟವರನ್ನು ಶ್ರೀಮಂತರನ್ನಾಗಿಸಿದ್ದು ಕುರಿ! ಉಣ್ಣೆ ಇಟಲಿಯ ವರ್ತಕರವರೆಗೂ ಹೋಗುತ್ತಿತ್ತು. ಕತ್ತರಿಸದ ಉಣ್ಣೆಗೂ ಮುಂಗಡ ಹಣ ಪಡೆದು, 13ನೆಯ ಶತಮಾನದ ಕೊನೆಗೆ ಮಠ ಸಾಲದಲ್ಲಿ ಮುಳುಗಿತ್ತು. ಹೊಲ, ಕುರಿಗಳನ್ನು ನೋಡಿಕೊಳ್ಳುತ್ತಿದ್ದವರು ಅಕ್ಷರ ಕಲಿಯದ ‘ಶ್ರಮಿಕ ಸಹೋದರರು’, ಅಂದರೆ ದುಡಿಮೆಗೆಂದೇ ಮಠ ಸೇರಿದ ವ್ರತಧಾರಿಗಳು. ಅವರು ಮಲಗುತ್ತಿದ್ದ ಕೋಣೆಯ ಕೆಳಗಿನ ಉಗ್ರಾಣವೇ ಇಂದು ನೋಡಲೇಬೇಕಾದ ಜಾಗ: ಸುಮಾರು 90 ಮೀಟರ್ ಉದ್ದ, ನಡುವೆ ಸಾಲುಗಂಬ, ಪ್ರತಿ ಕಂಬದ ತಲೆಯಿಂದ ತಾಳೆಗರಿಯಂತೆ ಹರಡಿಕೊಂಡ ಕಲ್ಲಿನ ಕಮಾನುಗಳು. ಈಗಲ್ಲಿ ಬಾವಲಿಗಳ ಸಂಸಾರ.

ಎಂಟನೆಯ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ ಇದೂ ಅರಸನ ವಶವಾಯಿತು. ಚಾವಣಿಗೆ ಹೊದಿಸಿದ್ದ ಸೀಸದ ತಗಡನ್ನು ಕಿತ್ತೊಯ್ದರು. ಚಾವಣಿ ಹೋದ ಮೇಲೆ ಯಾವ ಕಟ್ಟಡ ನಿಂತೀತು? ಮುಂದೆ ಇದೇ ಕಲ್ಲುಗಳಿಂದ ಪಕ್ಕದಲ್ಲೇ ಒಂದು ಬಂಗಲೆ ಎದ್ದಿತು.

ಉಳಿದದ್ದನ್ನು ಕಾಪಾಡಿದ್ದು ಒಂದು ವಿಚಿತ್ರ ಖಯಾಲಿ. ಪಕ್ಕದ ಉದ್ಯಾನದ ಒಡೆಯ ವಿಲಿಯಂ ಐಸ್ಲಬಿ 1767ರಲ್ಲಿ ಈ ಪಾಳನ್ನು ಕೊಂಡದ್ದೇ ತನ್ನ ತೋಟದ ನೋಟಕ್ಕೆ ಮೆರುಗು ಕೊಡಲೆಂದು. 1986ರಲ್ಲಿ ಮಠ, ಉದ್ಯಾನ ಎರಡೂ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈಗ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಟಿಕೆಟ್ ಪಡೆದು ಒಳಗೆ ಹೋಗಬಹುದು.